ಮಾವ ತೋರಿಸಿದ ಕಾರವಾರ

೧೧ ಮೇ ೧೯೩೬, ಸೋಮವಾರ. ಕಾರವಾರ.

ಇವತ್ತೂ ಕೋಡಿಬಾಗ. ಮೊನ್ನೆ ನೋಡಿದ್ದೇ ಕೋಡಿಬಾಗ. ಚಹಾದ ಲೋಟ ಕೆಳಗಿಡುವುದರೊಳಗೆ ಮಾವ ಕೊಡೆ ಹಿಡಿದು ಬಾಗಿಲಲ್ಲಿ ತಯಾರು. ಬಿಸಿಲು ಏರುವ ಮೊದಲು ಹೋಗಿ ಬರೋಣ ಎಂದರು. ಹೋದದ್ದು ನಿಜ, ಬಂದದ್ದು ನೆತ್ತಿ ಸುಡುವ ಹೊತ್ತಿಗೆ.

ರಾಮನಾಥ ಮಾವ ಅವ್ವಿಯ ಅಣ್ಣ. ಬಂದರದಲ್ಲಿ ಕಾರಕೂನಿಕೆ. ಮಳೆಗಾಲ ಹತ್ತಿರ ಬಂತು, ಬಂದರದಲ್ಲಿ ಈಗ ನೊಣ ಹೊಡೆಯುವುದೇ ಕೆಲಸ, ಅದಕ್ಕೇ ತಂಗಿಯ ಮಗಳಿಗೆ ಊರು ತೋರಿಸುತ್ತೇನೆ ಅನ್ನುತ್ತಾರೆ. ದಂಡೆಗುಂಟ ಗಾಳಿಮರದ ನೆರಳಿನಲ್ಲಿ ಮುಂದೆ ಅವರು, ಹಿಂದೆ ನಾನು. ಪ್ರತಿ ಬಂಡೆಗೂ ಒಂದು ಕಥೆ. ಮಾವನ ಇತಿಹಾಸದಲ್ಲಿ ಎಲ್ಲ ಕೋಟೆಯನ್ನೂ ಒಬ್ಬನೇ ರಾಜ ಕಟ್ಟಿದ್ದು, ಎಲ್ಲ ಕೋಟೆಯನ್ನೂ ಫಿರಂಗಿಯವರೇ ಕೆಡವಿದ್ದು. ಯಾವ ರಾಜ ಎಂದು ಕೇಳಿದೆ. ಅದನ್ನೆಲ್ಲ ಕೇಳಬಾರದಂತೆ.

ನನಗೆ ಊರು ನೋಡುವುದು ಬೇಕಾಗಿಲ್ಲ. ಬೇಲೆಕೇರಿಯಿಂದ ಮಚವೆ ದೋಣಿ ಹತ್ತಿ, ದಾರಿಯುದ್ದ ವಾಂತಿ ಮಾಡಿಕೊಳ್ಳುತ್ತ ಬಂದದ್ದು ಗಾಳಿಮರ ನೋಡಲಿಕ್ಕಲ್ಲ. ೨೩ನೇ ತಾರೀಖು ಶನಿವಾರ ಮುಂಬೈಗೆ ಹೋಗುವ ಉಗಿಹಡಗು, ಆಗಬೋಟು, ಬರುತ್ತದೆ. ಈ ವರ್ಷದ ಕೊನೆಯದು. ಅದು ಹೋದ ಮೇಲೆ ಮಳೆಗಾಲ ಮುಗಿಯುವ ತನಕ ಕಡಲು ಬಂದ್. ನನ್ನ ಗೆಳತಿ ಹೀರಾ ಅದರಲ್ಲಿ ಹೋಗುತ್ತಾಳೆ, ಅವಳ ಸಂಗಡ ನಾನು. ಅಲ್ಲಿಯ ಆಸ್ಪತ್ರೆಯಲ್ಲಿ ಅವಳು ನರ್ಸು. ಮ್ಯಾಟ್ರನ್‌ಬಾಯಿಗೆ ಹೇಳಿ ನನಗೂ ಒಂದು ಜಾಗ ಹಿಡಿದಿದ್ದಾಳೆ. ಜೂನ್ ೧೫ಕ್ಕೆ ಕ್ಲಾಸು ಶುರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದದ್ದು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು.

ಅಪ್ಪ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ. ಸರಕಾರಕ್ಕೆ ಕರ ಕೊಡುವುದಿಲ್ಲ ಎಂದು ಒಂದೇ ಗಳಿಗೆಯಲ್ಲಿ ಎದ್ದು ಜೈಲಿಗೆ ನಡೆದವ, ವಿಧವೆ ಮಗಳ ಒಂದು ಕಾಗದಕ್ಕೆ ಸಹಿ ಹಾಕಲು ತಿಂಗಳು ತೆಗೆದುಕೊಂಡ. ದೇಶದ ಸ್ವಾತಂತ್ರ್ಯ ಅವಸರದ್ದು, ನನ್ನದು ನಿಧಾನ.

೧೩ ಮೇ, ಬುಧವಾರ.

ತರಿಯ ದೋಣಿಯಲ್ಲಿ ಹೊಳೆ ದಾಟಿ ಸದಾಶಿವಗಡ. ಗುಡ್ಡ ಹತ್ತಿಸಿದರು. ತೊಡೆ ಇನ್ನೂ ನೋಯುತ್ತಿದೆ. ಇಳಿದು ಚಿತ್ತಾಕುಲಕ್ಕೆ ಹೀರಾಳ ಮನೆಗೆ ಹೋಗೋಣ ಎಂದು ಹಟ ಹಿಡಿದೆ. ಮಾವ ಬಿಸಿಲು ಅಂದರು, ಹೊತ್ತಾಯಿತು ಅಂದರು, ಚಪ್ಪಲಿ ಹರಿದಿದೆ ಅಂದರು. ನಾನೇ ಮುಂದೆ ನಡೆದೆ.

ಹೀರಾ ಅಂಗಳದಲ್ಲಿ ಕೂದಲು ಒಣಗಿಸುತ್ತ ಕೂತಿದ್ದಳು. ಅವಳ ಅಪ್ಪ ನಮ್ಮ ಅಂಕೋಲೆಯಲ್ಲಿ ಮಾಸ್ತರರಾಗಿದ್ದಾಗ ನಾವಿಬ್ಬರೂ ಒಂದೇ ಬೆಂಚು. ಈಗ ಅವಳ ಕೈಯಲ್ಲಿ ಗಡಿಯಾರ, ಕಾಲಿಗೆ ಬೂಟು, ದೊಡ್ಡ ನಗು. ನೆರೆಮನೆಯ ಹೆಂಗಸರು ಬೇಲಿಯ ಮೇಲಿಂದ ನೋಡುತ್ತಿದ್ದರು. ಹೀರಾ ಅವರಿಗೂ ಕೇಳುವ ಹಾಗೆ ಹೇಳಿದಳು. ಬೋಟು ಬಂದರದ ಧಕ್ಕೆಗೆ ತಾಗುವುದಿಲ್ಲ, ದೂರದಲ್ಲೇ ಲಂಗರು ಹಾಕುತ್ತದೆ. ಬೈತಖೋಲದಿಂದ ಮಚವೆಯಲ್ಲಿ ಹೋಗಿ ಹತ್ತಬೇಕು.

"ಹೊಗೆ ಕಂಡ ಕೂಡ್ಲೆ ಮನೆ ಬಿಡು ಗೋದಾವರಿ. ಅದು ಯಾರಿಗಾಗೂ ಕಾಯೂದಿಲ್ಲ."

ಮಾವ ನಕ್ಕು, ಬೋಟಿನ ಸುದ್ದಿ ಮೊದಲು ಬರುವುದೇ ತನ್ನ ಮೇಜಿಗೆ, ಹೊಗೆ ಹುಡುಕಬೇಕಾಗಿಲ್ಲ ಎಂದರು. ಹೀರಾಳಿಗೆ ಸಮಾಧಾನ. ನನಗೂ ಸಮಾಧಾನ. ಬಂದರದ ಮನುಷ್ಯನೇ ಮನೆಯಲ್ಲಿರುವಾಗ ಚಿಂತೆ ಯಾತರದು.

೧೫ ಮೇ, ಶುಕ್ರವಾರ.

ಕದ್ರಾದವರೆಗೆ ಹೋಗಿ ಬಂದೆವು. ನಿನ್ನೆ ಭರತದ ನೀರಿನ ಸಂಗಡ ಕಾಳಿ ಹೊಳೆ ಏರಿದ್ದು, ಮಾವನ ಪರಿಚಯದವರ ಮನೆಯಲ್ಲಿ ಉಳಿದದ್ದು, ಇವತ್ತು ಇಳಿತದ ಸಂಗಡ ವಾಪಸು. ದೋಣಿ ಹುಲಿಯಾನದು. ಮಾತು ಕಮ್ಮಿ, ಬಾಯಿತುಂಬ ಎಲೆಯಡಿಕೆ ಕವಳ. ಹೊಳೆಯಲ್ಲಿ ಸಾಗವಾನಿ ದಿಮ್ಮಿಗಳನ್ನು ಕಟ್ಟಿ ತೇಲಿಬಿಟ್ಟಿದ್ದರು. ಅದರ ಮೇಲೊಬ್ಬ ಒಲೆ ಹೂಡಿ ಗಂಜಿ ಬೇಯಿಸುತ್ತಿದ್ದ. ಎರಡೂ ದಂಡೆಯಲ್ಲಿ ಕಾಡು ನೀರಿಗೇ ಬಗ್ಗಿದೆ. ನೀರಿಗೆ ಕೈ ಇಳಿಬಿಟ್ಟು ಕೂತಿದ್ದೆ. ತಣ್ಣಗಿತ್ತು.

ಚೆನ್ನಾಗಿತ್ತು ಎಂದು ಬರೆಯಲಿಕ್ಕೂ ನಾಚಿಕೆ. ಮಾವ ಇದನ್ನೇ ಕಾಯುತ್ತಿದ್ದವರಂತೆ ನನ್ನ ಮೋರೆ ನೋಡಿ, "ಇಂಥಾ ನೀರು ಮುಂಬೈಲಿ ಸಿಗ್ತದ್ಯೆ?" ಅಂದರು. ಮುಂಬೈಯಲ್ಲಿ ನಳದ ನೀರು ಸಿಗುತ್ತದೆ, ಸಾಕು, ಅಂದೆ. ಹುಲಿಯಾ ಕವಳ ಉಗುಳಿ ನಕ್ಕ. ಮಾವ ನಗಲಿಲ್ಲ.

೧೭ ಮೇ, ಭಾನುವಾರ.

ಸಂತೆ. ಕಾರವಾರದ ಅರ್ಧ ಜನ ಮಾರುವವರು, ಅರ್ಧ ಜನ ಚೌಕಾಸಿ ಮಾಡುವವರು, ಮಾವ ಒಬ್ಬರೇ ಸುಮ್ಮನೆ ತಿರುಗುವವರು. ಕಚೇರಿ ತೋರಿಸಿದರು. ಸಾಹೇಬರ ಬಂಗಲೆಯ ಗೇಟು ತೋರಿಸಿದರು. ಹೊಸ ಸಿನೆಮಾ ಡೇರೆ ಹಾಕಿದ ಬಯಲು ತೋರಿಸಿದರು. ಡೇರೆ ಹೋಗಿ ತಿಂಗಳಾಗಿತ್ತು, ಬಯಲು ಇತ್ತು.

ಅತ್ತೆ ಊಟಕ್ಕೆ ಬಡಿಸುತ್ತ, ನರ್ಸುಗಳು ಗಂಡಸರ ಮೈಯನ್ನೂ ಒರೆಸಬೇಕಂತೆ ಹೌದೋ ಎಂದು ಕೇಳಿದರು. ಹೌದು ಎಂದೆ. ಯಾವ ಜಾತಿಯವರದಾದರೂ? ಯಾವ ಜಾತಿಯವರದಾದರೂ. ಅತ್ತೆ ಸಾರಿನ ಸೌಟು ಪಾತ್ರೆಗೆ ಬಿಟ್ಟು ಒಳಗೆ ಹೋದರು. ಉಪ್ಪಿನಕಾಯಿ ನಾನೇ ಎದ್ದು ಹಾಕಿಕೊಂಡೆ. ನನ್ನ ಗಂಡ ಜ್ವರದಲ್ಲಿ ಮಲಗಿದ್ದಾಗ ಹದಿನೆಂಟು ದಿನ ಮೈ ಒರೆಸಿದ್ದು ನಾನೇ. ಆಗ ಅದು ಪುಣ್ಯದ ಕೆಲಸವಾಗಿತ್ತು. ಒರೆಸಲಿಕ್ಕೆ ಗೊತ್ತಿತ್ತು, ಉಳಿಸಲಿಕ್ಕೆ ಗೊತ್ತಿರಲಿಲ್ಲ. ಅದನ್ನು ಕಲಿಯಲಿಕ್ಕೇ ನಾನು ಹೋಗುವುದು. ಈ ಮಾತು ಅತ್ತೆಗೆ ಹೇಳಿ ಏನು ಪ್ರಯೋಜನ?

ಸಂಜೆ ಮಾವ, ಇನ್ನೇನು ನೋಡುವುದು ಬಾಕಿ ಎಂದು ಕೇಳಿದರು. ಏನೂ ಇಲ್ಲ ಅನ್ನಬಹುದಿತ್ತು. ದಂಡೆಯಲ್ಲಿ ನಿಂತಿದ್ದೆವು. ಎದುರಿಗೆ ಕೂರ್ಮಗಡ ದ್ವೀಪ, ಅದರಾಚೆ ಹಡಗುಗಳಿಗೆ ದಾರಿ ತೋರಿಸುವ ದೀಪದ ಗುಡ್ಡ. ಅಲ್ಲಿಗೆ ಹೋಗಲು ಆಗುತ್ತದೆಯೋ ಎಂದು ಬಾಯಿ ತಪ್ಪಿ ಕೇಳಿದೆ. ಅವರ ಮೋರೆ ಅರಳಿತು.

೧೯ ಮೇ, ಮಂಗಳವಾರ.

ಮಾವ ಬಂದರದಿಂದ ತಡವಾಗಿ ಬಂದರು. ಬಂದವರೇ, ನಾಳೆ ಬೆಳಗಾಗುವ ಮೊದಲೇ ಕೂರ್ಮಗಡಕ್ಕೆ, ಅತ್ತೆಯೂ ಬರಲಿ, ಹುಲಿಯಾನಿಗೆ ಹೇಳಿಯಾಯಿತು ಎಂದರು. ಬೆಳಿಗ್ಗೆ ನೆಲದ ಗಾಳಿಯಲ್ಲಿ ಹೋಗುವುದು, ಮಧ್ಯಾಹ್ನ ಕಡಲ ಗಾಳಿಯಲ್ಲಿ ತಿರುಗಿ ಬರುವುದು. ಅತ್ತೆ ಸಪ್ಪಗಿದ್ದರು. ಕಡಲು ಕಂಡರೆ ಅವರಿಗೆ ಹೆದರಿಕೆ ಇರಬೇಕು.

ಟ್ರಂಕು ಕಟ್ಟಿ ಮುಗಿದಿದೆ. ಎರಡು ಬಿಳಿ ಸೀರೆ ಮೇಲೆಯೇ ಇಟ್ಟಿದ್ದೇನೆ. ಇನ್ನು ನಾಲ್ಕು ರಾತ್ರಿ ಕಳೆದರೆ ಶನಿವಾರ.

೨೦ ಮೇ. ಬುಧವಾರ.

ಹೋಯಿತು.

೨೧ ಮೇ, ಗುರುವಾರ.

ನಿನ್ನೆ ಒಂದೇ ಶಬ್ದ ಬರೆದು ವಹಿ ಮುಚ್ಚಿದೆ. ಇವತ್ತು ಪೂರ್ತಿ ಬರೆದಿಡುತ್ತೇನೆ. ಮುಂದೆ ಯಾರಾದರೂ ನಿನ್ನ ನಸೀಬು ಎಂದರೆ ಓದಿ ನೋಡಿಕೊಳ್ಳಬೇಕು ನಾನು.

ದ್ವೀಪ ಹತ್ತಿದ್ದು, ಬುತ್ತಿ ಬಿಚ್ಚಿದ್ದು, ಮಾವನ ಕಥೆ, ಅದೆಲ್ಲ ಇರಲಿ. ಮಧ್ಯಾಹ್ನ ದೋಣಿಗೆ ಇಳಿದೆವು. ಪಡುವಣದಿಂದ ಗಾಳಿ ಎದ್ದಿತ್ತು, ಶಿಡದ ಹಾಯಿಬಟ್ಟೆ ತುಂಬಿ ದೋಣಿ ಒಳ್ಳೆ ಓಡುತ್ತಿತ್ತು. ಆಗ ಹೊಗೆ ಕಂಡಿತು. ದಕ್ಷಿಣದ ಗುಡ್ಡದ ಮೂಲೆ ತಿರುಗಿ ಆಗಬೋಟು ಬಂತು. ನಾನು ಮೊದಲು ಬೇರೆ ಯಾವುದೋ ಹಡಗು ಎಂದುಕೊಂಡೆ. ನಮ್ಮದು ಶನಿವಾರ ಅಲ್ಲವೇ. ಅದು ಬೈತಖೋಲದ ಎದುರಿಗೆ ಲಂಗರು ಹಾಕಿತು. ದಂಡೆಯಿಂದ ಮಚವೆಗಳು ಹೊರಟವು. ಮಚವೆ ತುಂಬ ಟ್ರಂಕು, ಹಾಸಿಗೆ, ಜನ. ನನಗೆ ತಿಳಿಯಿತು.

ಮಾವನನ್ನು ಕೇಳಿದೆ. ಮಾವ ನೀರು ನೋಡುತ್ತ, ಯಾವುದೋ ಸಾಮಾನಿನ ಬೋಟಿರಬೇಕು ಎಂದರು. ಸಾಮಾನಿನ ಬೋಟಿಗೆ ಹೆಂಗಸರು ಮಕ್ಕಳು ಯಾಕೆ ಹತ್ತುತ್ತಾರೆ? ಹುಲಿಯಾನಿಗೆ ಕೈ ಮುಗಿದೆ. ಸೀದಾ ಅದರ ಹತ್ತಿರ ಬಿಡು, ಟ್ರಂಕು ಬೇಡ, ಏನೂ ಬೇಡ, ಹೀಗೇ ಹತ್ತುತ್ತೇನೆ ಎಂದೆ. ಹುಲಿಯಾ ಚುಕ್ಕಾಣಿ ಆ ಕಡೆ ತಿರುಗಿಸಿಯೂ ಬಿಟ್ಟ.

"ಗಾಳಿ ಜೋರಾಗ್ತದೆ," ಎಂದರು ಮಾವ. "ಶಿಡ ಇಳ್ಸು."

"ಗಾಳಿ ಚಲೋ ಅದೆ ರಾಯ್ರೆ. ಬೋಟು ಬಿಡೂದ್ರೊಳಗೆ ಮುಟ್ತೆ."

"ಇಳ್ಸು ಅಂದೆ."

ಹುಲಿಯಾ ನನ್ನನ್ನು ನೋಡಿದ, ಮಾವನನ್ನು ನೋಡಿದ. ಮಾವ ಬಂದರದ ಮನುಷ್ಯ, ಅವನು ದಿನಾ ದೋಣಿ ಕಟ್ಟುವುದು ಬಂದರದಲ್ಲಿ. ಹಗ್ಗ ಬಿಚ್ಚಿದ. ಶಿಡ ಕೆಳಗೆ ಬಿತ್ತು, ನನ್ನ ಕಾಲಮೇಲೆಯೇ ಬಿತ್ತು. ನಾನು ಹಗ್ಗಕ್ಕೆ ಕೈ ಹಾಕಿದೆ. ಅತ್ತೆ ಹಿಂದಿನಿಂದ ಸೊಂಟ ಹಿಡಿದುಕೊಂಡರು. ಅವರಿಗೆ ಇಷ್ಟು ಬಲ ಇದೆಯೆಂದು ಗೊತ್ತಿರಲಿಲ್ಲ. ಬೆನ್ನಿಗೆ ಮೋರೆ ಒತ್ತಿ, ಬೇಡ ಮಗಾ, ಬೇಡ ಮಗಾ ಅನ್ನುತ್ತಿದ್ದರು. ಅವರಿಗೂ ಗೊತ್ತಿತ್ತು.

ದೋಣಿ ಅಲ್ಲೇ ತೂಗುತ್ತ ನಿಂತಿತು. ಹಾಗೆ ಎಷ್ಟು ಹೊತ್ತು ಕೂತೆವೋ. ಆಗಬೋಟು ಒಮ್ಮೆ ಕೂಗಿತು, ಮತ್ತೊಮ್ಮೆ ಕೂಗಿತು, ತಿರುಗಿ ನಮ್ಮ ಮಗ್ಗುಲಿಂದಲೇ ಉತ್ತರಕ್ಕೆ ಹೋಯಿತು. ಡೆಕ್ಕಿನ ಮೇಲಿನ ಜನ ಕಾಣುವಷ್ಟು ಹತ್ತಿರ. ಕಟಾಂಜನಕ್ಕೆ ಆತು ಒಬ್ಬಳು ಬಿಳಿ ಸೀರೆಯವಳು ನಿಂತಿದ್ದಳು. ಹೀರಾಳೋ ಅಲ್ಲವೋ. ಅವಳು ದಂಡೆಯ ಕಡೆ ನೋಡುತ್ತಿದ್ದಳು. ನಾನು ಕೈ ಎತ್ತಿದೆ. ಯಾವುದೋ ದೋಣಿಯ ಹುಡುಗಿ ಕೈ ಬೀಸುತ್ತಾಳೆ ಎಂದುಕೊಂಡಿರಬೇಕು, ಪಕ್ಕದ ಒಂದು ಮಗು ತಿರುಗಿ ಕೈ ಬೀಸಿತು.

ಅದು ಹೋದ ಮೇಲೆ ಮಾವ ಶಿಡ ಏರಿಸಲು ಹೇಳಿದರು. ಗಾಳಿ ಜೋರೇನೂ ಆಗಿರಲಿಲ್ಲ.

ಮನೆಗೆ ಬಂದರೆ ಮೆಟ್ಟಿಲ ಮೇಲೆ ಮೀನು ಮಾರುವ ಕಾಮಿ, ಬುಟ್ಟಿ ಇಳಿಸಿಕೊಂಡು. ಅವಳೇ ಹೇಳಿದ್ದು. ಗಾಳಿಯ ಲಕ್ಷಣ ಸರಿಯಿಲ್ಲ, ಕೊನೆಯ ಬೋಟು ಬುಧವಾರವೇ ಬಿಡುತ್ತೇವೆ ಎಂದು ಮಂಗಳವಾರ ಸಂಜೆಯೇ ತಾರು ಬಂದಿತ್ತಂತೆ. ಹೀರಾಳಿಗೆ ಬೆಳಿಗ್ಗೆ ತರಿಯವರಿಂದ ಸುದ್ದಿ ಸಿಕ್ಕಿ, ಹೊಳೆ ದಾಟಿ ಓಡಿ ಬಂದಿದ್ದಾಳೆ. ಬೀಗ. ಬಂದರಕ್ಕೆ ಹೋಗಿ ಮತ್ತೆ ಬಂದಿದ್ದಾಳೆ. ಬೀಗ. ಬಾಗಿಲು ಗುದ್ದಿ ಗುದ್ದಿ ಅತ್ತು ಹೋದಳು ಬಾಯೀ, ಎಂದಳು ಕಾಮಿ.

ಮಾವನನ್ನು ಕೇಳಿದೆ. ಗೊತ್ತಿತ್ತು ಎಂದರು. ಯಾರು ಹೇಳಿದ್ದು ಹೀಗೆ ಮಾಡಲಿಕ್ಕೆ? ಕೊಡೆಯನ್ನು ಮೂಲೆಗಿಡುತ್ತ, "ಅಂಕೋಲೆಯಿಂದ ಹೇಳಿ ಕಳ್ಸಿದ್ರು," ಎಂದರು. ಮತ್ತೆ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಹನ್ನೆರಡು ದಿನ ಬಾಯಿ ಮುಚ್ಚದವರು.

ಈ ವಹಿಯಲ್ಲಿ ಇನ್ನು ಮಾವನಿಗೆ ಬಹುವಚನ ಇಲ್ಲ.

೨೬ ಮೇ, ಮಂಗಳವಾರ. ಅಂಕೋಲೆ.

ಮಾವ ಮೋಟಾರಿನಲ್ಲಿ ತಂದು ಬಿಟ್ಟು ಹೋದ. ಜಗಲಿ ಹತ್ತಲಿಲ್ಲ, ನೀರು ಕುಡಿಯಲಿಲ್ಲ. ಹತ್ತುವ ಮೋರೆ ಎಲ್ಲಿತ್ತು.

ಮನೆ ಹಾಗೇ ಇದೆ. ಅಪ್ಪ ಜಗಲಿಯಲ್ಲಿ ಚರಕ. ಅಜ್ಜಿ ಒಳಗೆ, ಕಿವಿ ಕೇಳುವುದಿಲ್ಲ, ತನ್ನಷ್ಟಕ್ಕೆ ತಾನು. ಅವ್ವಿ ಒಲೆಯ ಮುಂದೆ. ನನ್ನನ್ನು ಕಂಡು ಎದ್ದು ಬಂದು ಟ್ರಂಕು ಕಸಿದುಕೊಂಡಳು. ಬಿಸಿನೀರು ಕಾಯಿಸಿಟ್ಟಿದ್ದಳು, ಬಂಗಡೆ ಸಾರು ಮಾಡಿದ್ದಳು ತನಗಾಗಿ ಅಪ್ಪನಿಗಾಗಿ, ನನಗೆ ಬೇರೆ ಒಲೆಯಲ್ಲಿ ಹುರುಳಿಕಟ್ಟು. ಬೋಟು ತಪ್ಪಿತು ಎಂದು ಒಂದೇ ಒಂದು ಮಾತು ಹೇಳಿದೆ. "ಹೋಗ್ಲಿ ಬಿಡು, ದೇವರ ಇಚ್ಛೆ," ಎಂದು ಕೂದಲು ಸವರಿದಳು. ಅವಳೊಬ್ಬಳೇ ಈ ಮನೆಯಲ್ಲಿ ನನ್ನ ಕಡೆ. ಮೊದಲಿನಿಂದಲೂ.

ಕಾರವಾರ ಹೇಗಿತ್ತು ಎಂದು ಕೇಳಿದಳು. ದಣಿವಾಗಿದೆ ಅಂದೆ.

೨೯ ಮೇ, ಶುಕ್ರವಾರ.

ಅಪ್ಪನನ್ನು ಕೇಳಿಯೇ ಬಿಟ್ಟೆ. ಮೂರು ದಿನ ಮನಸ್ಸಿನಲ್ಲಿ ಮಾತು ಮಸೆದಿಟ್ಟಿದ್ದೆ. ಜೈಲಿಗೆ ಹೋಗಿ ಬಂದವನಿಗೆ ಮಗಳನ್ನು ಕೂಡಿಹಾಕುವುದೂ ಗೊತ್ತು, ಸಹಿ ಒಂದು ಕೈಯಲ್ಲಿ, ಬೀಗ ಇನ್ನೊಂದು ಕೈಯಲ್ಲಿ, ಊರವರ ಮುಂದೆ ದೊಡ್ಡಸ್ತಿಕೆ, ಹಿಂದಿನಿಂದ ಮಾವನಿಗೆ ಹೇಳಿ ಕಳಿಸುವುದು. ಎಲ್ಲ ಹೇಳಿದೆ. ಅಪ್ಪನ ಎದುರು ನಿಂತು ಇಷ್ಟು ಮಾತು ಆಡಿದ್ದು ಜನ್ಮದಲ್ಲಿ ಮೊದಲು.

ಚರಕ ನಿಂತಿತು. ನೂಲು ಹರಿಯಿತು. ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ. ಆಶ್ಚರ್ಯ ಇತ್ತು.

"ಬೇಡ ಅಂದಿದ್ರೆ ಸಹಿಯೇ ಹಾಕ್ತಿರ್ಲಿಲ್ಲ. ನಿಂಗೆ ಹೆದ್ರಿ ಕದ್ದು ಮಾಡೂಕೆ ನಂಗೆಂತ ಆಗಿತ್ತು?"

ಹರಿದ ನೂಲು ಹೊಸೆದು ಮತ್ತೆ ತಿರುಗಿಸತೊಡಗಿದ. ನಿಜವೇ ಹೇಳಿದ್ದ. ಬೇಡ ಎನ್ನಬೇಕಾದರೆ ಮೋರೆ ನೋಡಿ ಬೇಡ ಎನ್ನುವವನು. ಇವನಲ್ಲ. ಅಜ್ಜಿಗೆ ನಾನು ಹೋಗುವುದೇ ಗೊತ್ತಿಲ್ಲ.

ಜಗಲಿಯಿಂದ ಒಳಗೆ ಹೋಗಲಿಲ್ಲ. ಒಳಗೆ ಒಗ್ಗರಣೆಯ ಸದ್ದು. ಬಾವಿಕಟ್ಟೆಯ ಮೇಲೆ ಕೂತಿದ್ದೆ.

೩೦ ಮೇ, ಶನಿವಾರ.

ಅವ್ವಿ.

ಕೇಳಬೇಕಾಗಲಿಲ್ಲ. ಅಕ್ಕಿ ಆರಿಸುತ್ತಿದ್ದಳು, ಎದುರಿಗೆ ಹೋಗಿ ಕೂತೆ. ಮೊರ ಅಲುಗುವುದು ನಿಂತಿತು. ನಿನ್ನೆ ಜಗಲಿಯ ಮಾತೆಲ್ಲ ಅಡುಗೆಮನೆಗೆ ಕೇಳಿತ್ತು.

"ನಾನೇ ಹೇಳಿ ಕಳ್ಸಿದ್ದೆ," ಅಂದಳು.

ಆಮೇಲೆ ಒಂದೇ ಸಮನೆ ಹೇಳಿದಳು. ಅಪ್ಪ ಹಿಂಡಲಗಿ ಜೈಲಿನಿಂದ ಬಂದ ಮೇಲೆ ತನ್ನ ಹತ್ತಿರ ಆಡಿದ ಮಾತು, ಊಟ ಆಯಿತು, ನೀರು ಕೊಡು, ಅಷ್ಟೇ. ಗದ್ದೆ ಹೋಯಿತು, ಅದರ ಸಂಗಡ ಅವನ ಮಾತೂ ಹೋಯಿತು. ಅಜ್ಜಿಗೆ ಕಿರುಚಿದರೂ ಕೇಳುವುದಿಲ್ಲ. ಗಂಡ ಸತ್ತು ನಾನು ತಿರುಗಿ ಮನೆಗೆ ಬಂದ ದಿನ ಅಳುತ್ತಲೇ ಒಳಗೊಳಗೆ, ಇನ್ನು ನನಗೆ ಮಾತಿಗೊಂದು ಜನ ಆಯಿತು ಅಂದುಕೊಂಡಳಂತೆ. ಪಾಪದ ಯೋಚನೆ, ದೇವರ ಮುಂದೆ ತಪ್ಪುಕಾಣಿಕೆ ಇಟ್ಟಿದ್ದಾಳಂತೆ.

"ನೀ ಹೋದ್ರೆ ನಾ ಯಾರ ಸಂಗಡ ಮಾತಾಡ್ಲಿ? ಒಲೆ ಸಂಗಡವಾ?"

ಮೊದಲೇ ಬೇಡ ಎನ್ನಬಾರದಿತ್ತೇ ಎಂದೆ. ಬೇಡ ಎಂದರೆ ನಾನು ಕೇಳುವವಳಲ್ಲ ಎಂದಳು. ಅದಕ್ಕೇ ಅಣ್ಣನಿಗೆ ಹೇಳಿದ್ದು. ಪೇಟೆ ತೋರಿಸು, ದೋಣಿ ಹತ್ತಿಸು, ಗುಡ್ಡ ತೋರಿಸು, ದ್ವೀಪ ತೋರಿಸು. ಊರು ಕಂಡರೆ ಹುಡುಗಿಯ ಆಸೆ ತೀರುತ್ತದೆ, ಮತ್ತೆ ಮುಂಬೈ ಅನ್ನುವುದಿಲ್ಲ. ಆದರೂ ಹೋಗುತ್ತೇನೆ ಅಂದರೆ ಹೇಗಾದರೂ ನಿಲ್ಲಿಸು. ಕೊನೆಯ ಮಾತು ಸಣ್ಣ ದನಿಯಲ್ಲಿ ಹೇಳಿದಳು.

ನಾನು ಊರು ನೋಡಲಿಕ್ಕೆ ಹೊರಟವಳೇ ಅಲ್ಲ ಎಂದೆ. ಅವಳಿಗೆ ಅರ್ಥವೇ ಆಗಲಿಲ್ಲ. ನಿಜವಾಗಿ ಆಗಲಿಲ್ಲ.

"ಊರು ಕಾಣೂಕಲ್ದೆ ಮತ್ತೆಂತಕೆ ಹೋತರು?"

ಅವ್ವಿ ಕಾರವಾರ ಕಂಡವಳಲ್ಲ. ಅಣ್ಣನ ಮನೆಗೆ ಒಂದು ದಿನವೂ ಕಳಿಸಿಲ್ಲ ಈ ಮನೆಯವರು. ಅವಳ ಮಟ್ಟಿಗೆ ಕಾರವಾರಕ್ಕಿಂತ ದೊಡ್ಡದು ಭೂಮಿಯ ಮೇಲೆ ಇಲ್ಲ. ಇದ್ದುದರಲ್ಲಿ ದೊಡ್ಡದನ್ನೇ ನನಗೆ ಕೊಟ್ಟಿದ್ದಾಳೆ, ಅದೇ ಕೈಯಲ್ಲಿ ನನ್ನ ಕುತ್ತಿಗೆ ಹಿಸುಕಿದ್ದಾಳೆ. ಅಪ್ಪನಾಗಿದ್ದರೆ ಚೆನ್ನಾಗಿತ್ತು. ಅಪ್ಪನ ಮೇಲೆ ಸಿಟ್ಟು ಮಾಡುವುದು ರೂಢಿ ಇದೆ.

ಮಾತಿಗೆ ಜನ ಬೇಕೇ ಅವಳಿಗೆ. ನೋಡೋಣ.

೫ ಜೂನ್, ಶುಕ್ರವಾರ.

ಮಳೆ ಶುರುವಾಯಿತು. ಆರು ದಿನವಾಯಿತು, ಅವ್ವಿಯ ಸಂಗಡ ಮಾತಿಲ್ಲ. ಹೂಂ ಇಲ್ಲ, ಊಹೂಂ ಇಲ್ಲ. ಅಪ್ಪನಿಗಿಂತ ಕಮ್ಮಿ. ನೀರು ಬೇಕಾದರೆ ನಾನೇ ಬಗ್ಗಿಸಿಕೊಳ್ಳುತ್ತೇನೆ.

ಅವಳು ಬಿಡುವುದಿಲ್ಲ. ಕಾಯಿ ತುರಿಯುತ್ತ ಕೇಳುತ್ತಾಳೆ, ಪಾತ್ರೆ ತಿಕ್ಕುತ್ತ ಕೇಳುತ್ತಾಳೆ. 'ದೀಪದ ಗುಡ್ಡದ ದೀಪ ಹಗಲೂ ಉರಿತದ್ಯೆ? ಅಣ್ಣನ ಮನೆಗೆ ಮಾಡು ಹೊದೆಸಿದ್ದು ಹಂಚೋ ಹುಲ್ಲೋ? ಕಾಳಿಹೊಳೆ ನಮ್ಮ ಗಂಗಾವಳಿಗಿಂತ ದೊಡ್ಡದಾ?' ನಾನು ಗೋಡೆ ನೋಡುತ್ತೇನೆ. ಎಲ್ಲವೂ ನನ್ನ ಕಣ್ಣ ಮುಂದೆ ಇದೆ. ಒಂದೊಂದು ಬಂಡೆಯೂ ಇದೆ. ಕೊಡುವುದಿಲ್ಲ. ಆ ನೋಟವನ್ನು ಅವಳು ಕೊಂಡದ್ದು ನನ್ನ ಕಾಲು ಕಟ್ಟಿಹಾಕಿ.

ಇಷ್ಟು ಕೆಟ್ಟವಳಾಗಲು ನನಗೆ ಬರುತ್ತದೆಂದು ತಿಳಿದಿರಲಿಲ್ಲ. ಸಲೀಸಾಗಿ ಬಂತು.

ಹೀರಾಳ ಕಾರ್ಡು ಬಂದಿದೆ. ಬೈದು ಬರೆದಿದ್ದಾಳೆ. ಜಾಗ ಹದಿನೈದರ ತನಕ ಇರುತ್ತದೆ, ಹದಿನಾರಕ್ಕೆ ಇನ್ನೊಬ್ಬಳಿಗೆ. ಕಡಲು ಇಲ್ಲದಿದ್ದರೆ ಹುಬ್ಬಳ್ಳಿಗೆ ಮೋಟಾರು, ಅಲ್ಲಿಂದ ರೈಲು, ಪುಣೆಯಲ್ಲಿ ಬದಲಿಸು. ಒಬ್ಬಳೇ ಬರಲು ಹೆದರಿದರೆ ನರ್ಸಾಗುವುದೇ ಬೇಡ ಅಂತೆ.

ಒಬ್ಬಳೇ ಅಂಕೋಲೆಯ ಪೇಟೆಗೆ ಕೂಡ ಹೋದವಳಲ್ಲ ನಾನು.

೭ ಜೂನ್, ಭಾನುವಾರ.

ಅಪ್ಪನಿಗೆ ಹೇಳಿದೆ. ನಾಳೆ ಬೆಳಗಿನ ಮೋಟಾರಿಗೆ ಹೋಗುತ್ತೇನೆ, ಒಬ್ಬಳೇ. ಹೇಳಿ ನಿಂತೆ. ಚರಕ ತಿರುಗುತ್ತಲೇ ಇತ್ತು. ಹೂಂ ಎನ್ನಲಿಲ್ಲ, ಬೇಡವೂ ಎನ್ನಲಿಲ್ಲ. ಬೇಡ ಎನ್ನಲು ಹೆದರುವವನಲ್ಲ ಎಂದು ಅವನೇ ಹೇಳಿದ್ದಾನಲ್ಲ. ಅವನು ಸುಮ್ಮನಿದ್ದದ್ದು ಮೊದಲ ಸಲ ನನ್ನ ಉಪಯೋಗಕ್ಕೆ ಬಂತು.

ಆಗಬೋಟಿಗೆಂದು ಇಟ್ಟುಕೊಂಡ ದುಡ್ಡು ರೈಲಿಗೂ ಸಾಕು. ಅರಬೈಲ ಘಟ್ಟದಲ್ಲಿ ಮಣ್ಣು ಕುಸಿದರೆ ಮಾತ್ರ ಎಲ್ಲ ಮುಗಿಯಿತು.

ಅವ್ವಿ ಕತ್ತಲಾಗುವ ತನಕ ಅವಲಕ್ಕಿ ಕುಟ್ಟಿದಳು. ಯಾರಿಗೆ ಎಂದು ಕೇಳಲಿಲ್ಲ.

೯ ಜೂನ್, ಮಂಗಳವಾರ. ಹುಬ್ಬಳ್ಳಿ ಸ್ಟೇಶನ್ನು.

ಬಂದೆ. ಘಟ್ಟದಲ್ಲಿ ಎರಡು ಕಡೆ ಇಳಿದು ಕೆಸರಿನಲ್ಲಿ ನಡೆದದ್ದು, ಗಂಡಸರು ಮೋಟಾರು ನೂಕಿದ್ದು, ಯಲ್ಲಾಪುರದಲ್ಲಿ ಒಬ್ಬ ಮುದುಕ ಸಂಗಡ ಯಾರು ಎಂದು ಕೇಳಿ ಕೇಳಿ ಸಾಕು ಮಾಡಿದ್ದು. ಅಣ್ಣ ಹಿಂದಿನ ಸೀಟಿನಲ್ಲಿದ್ದಾನೆ ಎಂದು ಹೇಳಿದೆ. ನನಗೆ ಅಣ್ಣನೇ ಇಲ್ಲ. ರಾತ್ರಿ ಹೆಂಗಸರ ವೇಟಿಂಗ್ ರೂಮಿನಲ್ಲಿ ಟ್ರಂಕಿನ ಮೇಲೆ ಕೂತೇ ಕಳೆದೆ. ಪುಣೆಯ ಗಾಡಿಗೆ ಇನ್ನೂ ಹೊತ್ತಿದೆ. ಟಿಕೀಟು ಸೆರಗಿನಲ್ಲಿ ಗಂಟು ಹಾಕಿದ್ದೇನೆ. ನಾನೇ ಕೊಂಡದ್ದು, ಕಿಟಕಿಯ ಹತ್ತಿರ ನಿಂತು, ನನ್ನ ಬಾಯಿಂದಲೇ ಮುಂಬೈ ಎಂದು ಹೇಳಿ. ಗೆದ್ದೆ ಅನ್ನಬೇಕು.

ನಿನ್ನೆ ಬೆಳಿಗ್ಗೆಯದು ಬರೆಯಬಾರದೆಂದಿದ್ದೆ.

ಅವ್ವಿ ಮೋಟಾರು ನಿಲ್ಲುವಲ್ಲಿಯ ತನಕ ಬಂದಳು. ನಮ್ಮ ಮನೆಗೆ ಮದುವೆಯಾಗಿ ಬಂದ ಮೇಲೆ ಅಷ್ಟು ದೂರ ಒಬ್ಬಳೇ ಬಂದದ್ದು ಅವಳಿಗೂ ಮೊದಲು. ಮಳೆಗೆ ಎಲೆಯ ಗೊರಬು ಸೂಡಿಕೊಂಡು, ಕೈಯಲ್ಲಿ ಅವಲಕ್ಕಿಯ ಗಂಟು. ಗಂಟು ಕೊಟ್ಟಳು, ತೆಗೆದುಕೊಂಡೆ. ಹೋಗಬೇಡ ಎನ್ನಲಿಲ್ಲ. ಅಳಲಿಲ್ಲ. ಡ್ರೈವರ್ ಹಾರ್ನು ಹೊಡೆದ. ನಾನು ಹತ್ತಿ ಕೂತ ಮೇಲೆ ಕಿಟಕಿಗೆ ಬಂದು, ನಾಳೆಯೂ ನಾಡಿದ್ದೂ ನಾನು ಅಲ್ಲೇ ಇರುತ್ತೇನೆಂಬಂತೆ ಕೇಳಿದಳು.

"ಗೋದೂ, ಆ ಕಡಲ ನಡೂಗಿಂದ ನಮ್ಮ ಅಂಕೋಲೆ ಕಾಣ್ತದ್ಯೆ?"

ನಾನು ಮುಂದೆ ನೋಡುತ್ತ ಕೂತೆ. ಮೋಟಾರು ಹೊರಟಿತು. ಹೌದು, ಇಲ್ಲ, ಒಂದು ಮಾತು. ತಲೆ ಅಲ್ಲಾಡಿಸಿದ್ದರೂ ಸಾಕಿತ್ತು. ಈಗ ಅವಳು ಒಲೆಯ ಮುಂದೆ ಕೂತಿರುತ್ತಾಳೆ, ಅಪ್ಪ ಜಗಲಿಯಲ್ಲಿ. ಊಟ ಆಯಿತು. ನೀರು ಕೊಡು.

ಗಂಟು ಬಿಚ್ಚಿದ್ದೇನೆ. ಬೆಲ್ಲ ಕಾಯಿ ಹಾಕಿ ಕಲಸಿದ್ದು. ಮಡಿಲಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಾಣುವುದಿಲ್ಲ ಅವ್ವೀ. ಗುಡ್ಡ ಅಡ್ಡ ಬರುತ್ತದೆ. ದ್ವೀಪ ಹತ್ತಿದ ಕೂಡಲೇ ನಾನು ಮೊದಲು ನೋಡಿದ್ದು ಆ ಕಡೆಯೇ. ಕಾಣಲಿಲ್ಲ. ಬೇರೆಲ್ಲ ಕಾಣುತ್ತದೆ. ಬೈತಖೋಲ ಕಾಣುತ್ತದೆ, ಕೋಡಿಬಾಗದ ಗಾಳಿಮರ ಕಾಣುತ್ತದೆ. ದೀಪ ಹಗಲು ಉರಿಯುವುದಿಲ್ಲ. ನಿನ್ನ ಅಣ್ಣನ ಮನೆಗೆ ಹಂಚು, ಹಿಂದಿನ ಕೊಟ್ಟಿಗೆಗೆ ಮಾತ್ರ ಹುಲ್ಲು. ಕಾಳಿ ಗಂಗಾವಳಿಗಿಂತ ದೊಡ್ಡದು, ಬಹಳ ದೊಡ್ಡದು. ಅದು ಕಡಲು ಸೇರುವಲ್ಲಿ ನೀರಿಗೆ ಎರಡು ಬಣ್ಣ ಅವ್ವೀ, ಒಂದು ಹಸಿರು ಒಂದು ನೀಲಿ, ನಡುವೆ ಗೆರೆ ಎಳೆದ ಹಾಗೆ. ಹುಲಿಯಾ ಆ ಗೆರೆಯ ಮೇಲೆ ದೋಣಿ ನಿಲ್ಲಿಸಿದ್ದ. ನಾನು ಎರಡೂ ಕೈ ಎರಡೂ ಕಡೆ ಇಳಿಬಿಟ್ಟು ನೋಡಿದೆ, ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬೆಚ್ಚಗೆ.